ಬಾಡಿಗೆ ಲೆಕ್ಕಕ್ಕೆ ಬರಲಿಲ್ಲ, ಬ್ಲೌಸ್ ಬಂತು

ಬ್ರಿಟನ್ನಿನಲ್ಲಿ ಸರ್ಕಾರ ಕೊಡೋ ವೃದ್ಧಾಪ್ಯದ ಪಿಂಚಣಿ, ಅಂದರೆ ಸ್ಟೇಟ್ ಪೆನ್ಷನ್ ಲೆಕ್ಕದಲ್ಲಿ ಬಾಡಿಗೆ ದುಡ್ಡು ದುಡಿಮೆಯಲ್ಲ. ಇದನ್ನು ನಮ್ಮ ಮನೆಯವರಿಗೆ ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ರೆಡಿಂಗ್‌ನಲ್ಲಿ ನಮ್ಮಿಬ್ಬರ ಹೆಸರಲ್ಲೂ ಒಂದು ಫ್ಲ್ಯಾಟ್ ಇದೆ, ಬಾಡಿಗೆಗೆ ಕೊಟ್ಟಿದ್ದೇವೆ. ನನ್ನ ಪಾಲಿನ ಬಾಡಿಗೆಯನ್ನು ನಾನೇ ಪ್ರತಿ ವರ್ಷ ಸೆಲ್ಫ್ ಅಸೆಸ್‌ಮೆಂಟ್ ರಿಟರ್ನ್‌ನಲ್ಲಿ ತೋರಿಸುತ್ತೇನೆ. "ಟ್ಯಾಕ್ಸ್ ಕಟ್ತಾ ಇದ್ದೀಯಲ್ಲ, ಪೆನ್ಷನ್ ತಾನಾಗೇ ಬರುತ್ತೆ ಬಿಡೇ" ಅನ್ನೋದು ಇವರ ವಾದ. "ರೀ, ಪೆನ್ಷನ್ ನೋಡೋದು ಇನ್‌ಕಮ್ ಟ್ಯಾಕ್ಸ್ ಅಲ್ಲ, ದುಡಿಯೋರು ಕಟ್ಟೋ ನ್ಯಾಷನಲ್ ಇನ್ಶೂರೆನ್ಸ್ ಅನ್ನೋ ಬೇರೆ ವಂತಿಗೆ" ಅಂತ ಹೇಳಿ ಹೇಳಿ, ಕೊನೆಗೆ ಸರ್ಕಾರಿ ವೆಬ್‌ಸೈಟಿನಲ್ಲಿ ನನ್ನ ಖಾತೆ ತೆರೆದೇ ತೋರಿಸಿದೆ. ಬಾಡಿಗೆ ಬಂದ ವರ್ಷಗಳೆಲ್ಲ "ಈ ವರ್ಷ ಭರ್ತಿಯಾಗಿಲ್ಲ" ಅಂತ ಸಾಲಾಗಿ ನಿಂತಿದ್ದವು.

2016ರ ಏಪ್ರಿಲ್ 6ರಿಂದ ಬಂದ ಹೊಸ ಪೆನ್ಷನ್ನಿನಲ್ಲಿ, ಅದಕ್ಕೂ ಮುಂಚೆ ಇಲ್ಲಿ ಏನೂ ಕಟ್ಟದ ನನ್ನಂಥವರಿಗೆ ಪೂರ್ತಿ ಮೊತ್ತ ಬರಬೇಕಾದರೆ ನ್ಯಾಷನಲ್ ಇನ್ಶೂರೆನ್ಸಿನಲ್ಲಿ 35 ವರ್ಷದ ದಾಖಲೆ ಬೇಕು. ಕನಿಷ್ಠ 10 ಇರಲೇಬೇಕು. 9 ವರ್ಷ ಇದ್ದರೆ ಒಂದು ಪೆನ್ನಿಯೂ ಇಲ್ಲ. 2025-26ರಲ್ಲಿ ಪೂರ್ತಿ ಪೆನ್ಷನ್ ವಾರಕ್ಕೆ 230.25 ಪೌಂಡ್. ಅಂದರೆ ಒಂದೊಂದು ವರ್ಷದ ದಾಖಲೆಗೂ ವಾರಕ್ಕೆ ಸುಮಾರು 6.58 ಪೌಂಡ್, ವರ್ಷಕ್ಕೆ 342ರ ಹತ್ತಿರ, ಬದುಕಿರೋತನಕ. ನಾನು ಈ ದೇಶಕ್ಕೆ ಬಂದಿದ್ದೇ ನಲವತ್ತು ದಾಟಿದ ಮೇಲೆ. ಪೆನ್ಷನ್ ವಯಸ್ಸು ನನಗೆ 67. ಮೂವತ್ತೈದರ ಆಸೆ ಇಲ್ಲ, ಹತ್ತು ದಾಟಿ ಎಷ್ಟಾದರೆ ಅಷ್ಟು.

ಚಿಕ್ಕ ಮಕ್ಕಳಿದ್ದು, ಮಕ್ಕಳಿಗಾಗಿ ಸರ್ಕಾರ ಕೊಡೋ ಚೈಲ್ಡ್ ಬೆನಿಫಿಟ್ ನಿಮ್ಮ ಹೆಸರಲ್ಲಿದ್ದರೆ, ಕೊನೆಯ ಮಗುವಿಗೆ 12 ತುಂಬೋವರೆಗೂ ವರ್ಷಗಳು ಪುಕ್ಕಟೆ ಸೇರುತ್ತವೆ. ನಮ್ಮ ಮಕ್ಕಳು ಬರುವಾಗಲೇ ಆ ವಯಸ್ಸು ದಾಟಿದ್ದರು. ಗಂಡನ ವರ್ಷಗಳು ಹೆಂಡತಿಗೆ ಬರೋ ಹಳೇ ಪದ್ಧತಿಯೂ ಹೊಸದರಲ್ಲಿ ಇಲ್ಲ.

ಬಾಡಿಗೆ ಯಾವತ್ತೂ ಲೆಕ್ಕಕ್ಕಿಲ್ಲ ಅಂತಲ್ಲ. ಮನೆ ಬಾಡಿಗೆಗೆ ಕೊಡೋದೇ ಮುಖ್ಯ ಕಸುಬು, ಒಂದಕ್ಕಿಂತ ಹೆಚ್ಚು ಮನೆಗಳಿವೆ, ಬಾಡಿಗೆಗೆಂದೇ ಇನ್ನಷ್ಟು ಕೊಳ್ಳುತ್ತಿದ್ದೀರಿ ಅಂದರೆ ಅದನ್ನು ವ್ಯಾಪಾರ ಅಂತ ಇಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿ ಒಪ್ಪಬಹುದು, ಆಗ ಸ್ವಂತ ಉದ್ಯೋಗಿಗಳ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆಯಾದ ಕ್ಲಾಸ್ 2 ಕಟ್ಟೋ ದಾರಿ ಇದೆ. ಆದರೆ ರಿಪೇರಿ ಮಾಡಿಸೋದು, ಬಾಡಿಗೆದಾರರನ್ನು ಹುಡುಕೋದು, ಕರಾರುಪತ್ರ ಬರೆಸೋದು, ಇವಿಷ್ಟೇ ವ್ಯಾಪಾರ ಆಗಲ್ಲ ಅಂತ ಅವರ ನಿಯಮವೇ ಹೇಳುತ್ತೆ. ಒಂದು ಫ್ಲ್ಯಾಟ್, ಅದನ್ನೂ ಏಜೆಂಟರ ಕೈಗೆ ಕೊಟ್ಟಿರೋ ನನಗೆ ಆ ಮಾತೇ ಇಲ್ಲ. ನನಗೆ ಇದು ನ್ಯಾಯ ಅಂತಲೇ ಅನಿಸುತ್ತೆ. ಇವರಿಗೆ ಇವತ್ತಿಗೂ ಅನಿಸಿಲ್ಲ.

ನನ್ನ ಕೈಲಿದ್ದದ್ದು ಹೊಲಿಗೆ. ಲೈನಿಂಗ್ ಬ್ಲೌಸ್, ಸೀರೆಗೆ ಫಾಲ್, ಜಿಗ್‌ಜಾಗ್, ಕುಚ್ಚು ಕಟ್ಟೋದು, ಜೊತೆಗೆ ಅಕ್ಕಪಕ್ಕದ ಇಂಗ್ಲಿಷರ ಪ್ಯಾಂಟಿನ ಉದ್ದ ಕಡಿಮೆ ಮಾಡೋದು. ಮೊದಲಿಂದಲೂ ಪರಿಚಯದವರಿಗೆ ಮಾಡಿಕೊಡುತ್ತಿದ್ದದ್ದೇ. ಅದನ್ನು ಸರಿಯಾದ ಕಸುಬಾಗಿ ಮಾಡಿದೆ: ರೇಟು ಬರೆದಿಟ್ಟೆ, ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದೆ, ಒಂದು ಉದ್ದದ ನೋಟ್‌ಬುಕ್ಕಿನಲ್ಲಿ ತಾರೀಖು, ಗಿರಾಕಿ, ಕೆಲಸ, ದುಡ್ಡು ಅಂತ ಗೆರೆ ಎಳೆದೆ. ಎಡಗಡೆ ಬಂದದ್ದು, ಬಲಗಡೆ ನೂಲು, ಲೈನಿಂಗ್ ಬಟ್ಟೆ, ಹುಕ್ಕು, ಮಷೀನ್ ಸರ್ವಿಸ್. ವರ್ಷಕ್ಕೆ ಸಾವಿರ ಪೌಂಡಿಗಿಂತ ಕಡಿಮೆ ವ್ಯಾಪಾರವಾದರೆ ನೋಂದಣಿ ಕಡ್ಡಾಯವಲ್ಲ, ಆದರೆ ಪೆನ್ಷನ್ ವರ್ಷ ಬೇಕು ಅನ್ನೋರು ತಾವಾಗೇ ಮಾಡಿಸಬಹುದು. ಹೆಸರಿಗೆ ಮಾತ್ರ ಕಸುಬು ತೋರಿಸೋಣ ಅನ್ನೋರಿಗೆ ನನ್ನ ಸಲಹೆ ಬೇಡ. ನಿಜವಾದ ಗಿರಾಕಿ, ನಿಜವಾದ ದುಡ್ಡು ಇರಬೇಕು.

ನೋಂದಣಿಯಲ್ಲಿ ಒಂದು ಸೂಕ್ಷ್ಮ ಇದೆ. ಬಾಡಿಗೆಯಿಂದಾಗಿ ಯುಟಿಆರ್ ನಂಬರ್, ಅಂದರೆ ತೆರಿಗೆದಾರರಿಗೆ ಕೊಡೋ ಗುರುತಿನ ಸಂಖ್ಯೆ, ನನಗೆ ಆಗಲೇ ಇತ್ತು. ಅದಿದ್ದರೆ ಸಾಲದು, ಸ್ವಂತ ಉದ್ಯೋಗಿ ಅಂತ ಬೇರೆಯಾಗಿ, ಸಿಡಬ್ಲ್ಯುಎಫ್1 ಫಾರಂ ಮೂಲಕ, ಹಳೇ ಯುಟಿಆರ್ ನಂಬರನ್ನೇ ಕೊಟ್ಟು ನೋಂದಾಯಿಸಬೇಕು. ಆಗಲೇ ನ್ಯಾಷನಲ್ ಇನ್ಶೂರೆನ್ಸ್ ಕಡೆಯವರಿಗೆ ನಾವು ದುಡಿಯುತ್ತಿದ್ದೇವೆ ಅಂತ ಗೊತ್ತಾಗೋದು. ಅಡುಗೆ ಮಾಡಿ ಡಬ್ಬಿ ಕೊಡುತ್ತಿದ್ದ ನಮ್ಮ ಕಡೆಯ ಅಕ್ಕ ಒಬ್ಬರು ಇದನ್ನು ಬಿಟ್ಟಿದ್ದರು. ರಿಟರ್ನ್‌ನಲ್ಲಿ ಕ್ಲಾಸ್ 2 ಕಟ್ಟುತ್ತೇನೆ ಅಂತ ಗುರುತು ಹಾಕಿದ್ದರೂ ಆಮೇಲೆ ಅದನ್ನು ತೆಗೆದುಹಾಕಿ ಕಾಗದ ಬಂತು. ಅವರ ಆ ಕಾಗದ ನೋಡಿದ್ದರಿಂದಲೇ ನನ್ನದು ಸಲೀಸಾಯಿತು.

ಈಗ ದುಡ್ಡಿನ ಮಾತು. 2025-26ರಲ್ಲಿ ಸ್ವಂತ ಉದ್ಯೋಗದ ಲಾಭ 6,845 ಪೌಂಡ್ ಮುಟ್ಟಿದರೆ ಕ್ಲಾಸ್ 2 ಕಟ್ಟದೇ ವರ್ಷ ಸಿಗುತ್ತೆ. 12,570 ದಾಟಿದರೆ ಲಾಭದ ಮೇಲೆ ಕಡ್ಡಾಯವಾಗಿ ಕಟ್ಟೋ ಕ್ಲಾಸ್ 4 ಶುರು. ನನ್ನ ಲಾಭ ಸಾಮಾನ್ಯವಾಗಿ 6,845ರ ಕೆಳಗೇ. ಆಗ ಇಷ್ಟಪಟ್ಟು ಕ್ಲಾಸ್ 2 ಕಟ್ಟಬಹುದು: 2025-26ರ ದರ ವಾರಕ್ಕೆ 3.50, ವರ್ಷಕ್ಕೆ 182 ಪೌಂಡ್. ಕಸುಬೇ ಇಲ್ಲದವರು ಅದೇ ವರ್ಷವನ್ನು ಕ್ಲಾಸ್ 3ರಲ್ಲಿ ಕೊಳ್ಳಬೇಕಾದರೆ ವಾರಕ್ಕೆ 17.75, ವರ್ಷಕ್ಕೆ 923. ಬರೋ ಪೆನ್ಷನ್ ಎರಡಕ್ಕೂ ಒಂದೇ. 182 ಕೊಟ್ಟದ್ದು ಪೆನ್ಷನ್ ಶುರುವಾಗಿ ಆರೇಳು ತಿಂಗಳಲ್ಲಿ ವಾಪಸ್ಸು. 923ಕ್ಕೆ ಮೂರು ವರ್ಷದ ಹತ್ತಿರ ಬೇಕು, ಅದೂ ನಷ್ಟವಲ್ಲ. ಈ ಲೆಕ್ಕ ಹಾಕಿ ತೋರಿಸಿದ ಮೇಲೆ ಇವರು ಬಾಡಿಗೆ ವಾದ ಬಿಟ್ಟರು, ಹೊಲಿಗೆ ಮಷೀನಿಗೆ ಒಳ್ಳೇ ಲೈಟು ತಂದುಕೊಟ್ಟರು. ಇನ್‌ಕಮ್ ಟ್ಯಾಕ್ಸಿಗೆ ಮಾತ್ರ ಬಾಡಿಗೆ, ಹೊಲಿಗೆ ಎರಡನ್ನೂ ಕೂಡಿಸಿಯೇ ನೋಡುತ್ತಾರೆ, ಅದನ್ನು ಮರೆಯಬೇಡಿ.

ಮೊದಲ ವರ್ಷ ನಡುವೆ ಶುರು ಮಾಡಿದ್ದರಿಂದ ಅಷ್ಟೇ ವಾರಗಳಿಗೆ ಕ್ಲಾಸ್ 2 ಬಂತು, ವರ್ಷ ತುಂಬಲಿಲ್ಲ. ಉಳಿದ ವಾರಗಳನ್ನು ಕ್ಲಾಸ್ 3ರಲ್ಲಿ ತುಂಬಿಸಿದೆ. ಹೀಗೆ ಹಳೇ ವರ್ಷ ತುಂಬಿಸಲು ಸಾಮಾನ್ಯವಾಗಿ 6 ವರ್ಷದ ಅವಕಾಶ ಇರುತ್ತೆ. ಕ್ಲಾಸ್ 2 ದುಡ್ಡು ಮಾತ್ರ ರಿಟರ್ನ್ ಜೊತೆಗೇ ಜನವರಿ 31ರೊಳಗೆ ಹೋಗಬೇಕು. ತಡವಾದರೆ ಅದು ರಿಟರ್ನಿನಿಂದ ಬಿದ್ದುಹೋಗಿ, ಸರಿಪಡಿಸಲು ಫೋನಿನಲ್ಲಿ ಕಾಯೋ ಕೆಲಸ.

ಊರಿಗೆ ವಾಪಸ್ಸು ಹೋಗೋ ಯೋಚನೆ ಇರೋರು ಇನ್ನೊಂದು ತಿಳಿದಿರಬೇಕು. ಸ್ಟೇಟ್ ಪೆನ್ಷನ್ ಭಾರತಕ್ಕೂ ಬರುತ್ತೆ, ಆದರೆ ಇಲ್ಲಿನವರಿಗೆ ಪ್ರತಿ ಏಪ್ರಿಲ್‌ನಲ್ಲಿ ಆಗೋ ಏರಿಕೆ ಅಲ್ಲಿ ನೆಲೆಸಿದವರಿಗೆ ಇಲ್ಲ. ಹೋದಾಗ ಎಷ್ಟಿತ್ತೋ ಅಷ್ಟೇ. ನಾವು ಇನ್ನೂ ತೀರ್ಮಾನ ಮಾಡಿಲ್ಲ. ಸದ್ಯಕ್ಕೆ, ದುಡ್ಡು ಕಟ್ಟಿ ಕೆಲವು ವಾರ ಬಿಟ್ಟು ದಾಖಲೆ ತೆರೆದು ಆ ವರ್ಷ ಭರ್ತಿಯಾಗಿದೆಯಾ ಅಂತ ನೋಡುತ್ತೇನೆ, ಆ ಪುಟವನ್ನು ಪ್ರಿಂಟ್ ತೆಗೆದು ನೋಟ್‌ಬುಕ್ಕಿನ ಜೊತೆ ಇಡುತ್ತೇನೆ.