ಕರಡು ತಿದ್ದಲು ನನಗೀಗ ಮೊಬೈಲೇ ಸಾಕು

ಬೇರೆಯವರ ಬರಹದ ಕರಡು ತಿದ್ದುವುದು ನನ್ನ ಕೆಲಸ. ಮೊದಲೆಲ್ಲ ಪ್ರಿಂಟ್ ತೆಗೆದು ಕೆಂಪು ಪೆನ್ನಲ್ಲಿ ಗುರುತು ಹಾಕುತ್ತಿದ್ದೆ. ಈಗ ಪೂರ್ತಿ ಮೊಬೈಲಿನಲ್ಲೇ ಮಾಡುತ್ತೇನೆ.

ಶುರುವಿನಲ್ಲಿ ವರ್ಡ್ ಫೈಲನ್ನೇ ಮೊಬೈಲಿನಲ್ಲಿ ತೆರೆದು ನೋಡುತ್ತಿದ್ದೆ. ಅದು ಸರಿಹೋಗಲಿಲ್ಲ. ಬರೆದವರ ಫಾಂಟ್ ನನ್ನ ಮೊಬೈಲಿನಲ್ಲಿ ಇಲ್ಲದಿದ್ದರೆ ಬೇರೊಂದು ಫಾಂಟ್ ಬಂದು ಕೂರುತ್ತದೆ, ಸಾಲುಗಳು ಜರುಗುತ್ತವೆ. ನಾನು ‘7ನೇ ಪುಟದ ಕೊನೆ ಸಾಲು’ ಅಂದರೆ ಅವರ ಬಳಿ ಅದು 8ನೇ ಪುಟದಲ್ಲಿರುತ್ತದೆ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನ ಫೈಲ್ ಆದರಂತೂ ಕನ್ನಡವೇ ಕಾಣದು, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಪಿಡಿಎಫ್ ಹಾಗಲ್ಲ. ಸಾಮಾನ್ಯವಾಗಿ ಬೇಕಾದ ಫಾಂಟನ್ನು ತನ್ನೊಳಗೇ ಇಟ್ಟುಕೊಂಡು ಬರುತ್ತದೆ. ಹಾಗಾಗಿ ಎಲ್ಲಿ ಟೈಪ್ ಮಾಡಿದರೋ ಅಲ್ಲೇ ಪಿಡಿಎಫ್ ಮಾಡಿ ಕಳಿಸಿ ಎಂದು ಕೇಳುತ್ತೇನೆ. ಮೊಬೈಲಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ನಾನೇ ಮಾಡಿಕೊಳ್ಳುತ್ತೇನೆ. ಆಂಡ್ರಾಯ್ಡ್‌ನಲ್ಲಿ ಪ್ರಿಂಟ್ ಒತ್ತಿ, ಪ್ರಿಂಟರ್ ಜಾಗದಲ್ಲಿ ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿದರೆ ಮುಗಿಯಿತು. ಬೇರೆ ಆ್ಯಪ್ ಬೇಕಿಲ್ಲ.

ಕೈಬರಹದ ಹಾಳೆಗಳಿಗೆ ಗೂಗಲ್ ಡ್ರೈವ್‌ನ ಸ್ಕ್ಯಾನ್ ಬಳಸುತ್ತೇನೆ. ಅದರಲ್ಲಿ ಪುಟವೆಲ್ಲ ಒಂದು ಚಿತ್ರ. ಹೈಲೈಟ್ ಮಾಡಲು ಬೆರಳಿಟ್ಟರೆ ಅಕ್ಷರ ಹಿಡಿಯುವುದಿಲ್ಲ, ಪೆನ್ನಿನಿಂದಲೇ ಗೆರೆ ಎಳೆಯಬೇಕು.

ತಿದ್ದಲು ಅಡೋಬಿ ಆಕ್ರೊಬ್ಯಾಟ್ ರೀಡರ್ ಬಳಸುತ್ತೇನೆ. ಮೊಬೈಲನ್ನು ಅಡ್ಡ ಹಿಡಿದು, ಒತ್ತಕ್ಷರಗಳು ಸ್ಪಷ್ಟವಾಗಿ ಕಾಣುವಷ್ಟು ಹಿಗ್ಗಿಸಿಕೊಳ್ಳುತ್ತೇನೆ. ಕಾಗುಣಿತದ ತಪ್ಪಿಗೆ ಹಳದಿ, ವಾಕ್ಯವೇ ಬದಲಾಗಬೇಕಿದ್ದರೆ ಕೆಂಪು. ಕೈಯಿಂದ ಬರೆಯುವುದಕ್ಕಿಂತ ಕಾಮೆಂಟ್ ಟೈಪ್ ಮಾಡುವುದೇ ವಾಸಿ. ಬೆರಳಲ್ಲಿ ಬರೆದದ್ದು ಓದಲು ಕಷ್ಟ, ಅಲ್ವಾ?

ಒಮ್ಮೆ ಇಡೀ ದಿನ ಕೂತು ತಿದ್ದಿದ ಫೈಲ್ ಕಳಿಸಿದೆ. ‘ಇದರಲ್ಲಿ ಏನೂ ಗುರುತೇ ಇಲ್ವಲ್ಲ’ ಎಂದು ಉತ್ತರ ಬಂತು. ತುಂಬಾ ಬೇಜಾರಾಯಿತು. ಕಾರಣ ಹುಡುಕಿದಾಗ ತಿಳಿದದ್ದು ಇಷ್ಟು: ನಾವು ಹಾಕುವ ಗುರುತುಗಳು ಪುಟದ ಮೇಲೆ ಬೇರೆ ಪದರದ ಹಾಗೆ ಇರುತ್ತವೆ. ಕೆಲವು ಆ್ಯಪ್‌ಗಳು ಆ ಪದರವನ್ನು ತೋರಿಸುವುದೇ ಇಲ್ಲ. ಅಂದಿನಿಂದ ಎರಡು ಪ್ರತಿ ಕಳಿಸುತ್ತೇನೆ. ಒಂದು ಹಾಗೇ, ಇನ್ನೊಂದು ಮತ್ತೆ ಪ್ರಿಂಟ್ ಮೂಲಕ ಪಿಡಿಎಫ್ ಮಾಡಿದ್ದು. ಹೀಗೆ ಮಾಡಿದಾಗ ಗೆರೆ, ಬಣ್ಣ ಪುಟದಲ್ಲೇ ಸೇರಿಕೊಳ್ಳುತ್ತವೆ. ಆದರೆ ಒತ್ತಿದಾಗ ತೆರೆದುಕೊಳ್ಳುವ ಕಾಮೆಂಟಿನ ಮಾತು ಅದರಲ್ಲಿ ಉಳಿಯುವುದಿಲ್ಲ. ಮುಖ್ಯವಾದ ಮಾತನ್ನು ಪುಟದ ಅಂಚಿನಲ್ಲೇ ಟೈಪ್ ಮಾಡಿಬಿಡುತ್ತೇನೆ.

ಇನ್ನೊಂದು ವಿಷಯ ಖಂಡಿತ ಹೇಳಬೇಕು. ಫೋನ್ ನಂಬರ್, ವಿಳಾಸ ಮುಚ್ಚಲು ಅದರ ಮೇಲೆ ಕಪ್ಪು ಗೆರೆ ಎಳೆದು ಕಳಿಸುವವರು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಗೆರೆಯ ಕೆಳಗೆ ಅಕ್ಷರ ಹಾಗೇ ಇರುತ್ತದೆ, ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿದರೆ ಸಿಕ್ಕಿಬಿಡಬಹುದು. ಪ್ರಿಂಟ್ ಮೂಲಕ ಮತ್ತೆ ಪಿಡಿಎಫ್ ಮಾಡಿದರೂ ಅದು ಹೋಗುತ್ತದೆಂಬ ಖಾತ್ರಿಯಿಲ್ಲ. ಮೂಲ ಫೈಲಿನಲ್ಲಿ ಆ ಸಾಲನ್ನೇ ಅಳಿಸಿ, ಹೊಸದಾಗಿ ಪಿಡಿಎಫ್ ಮಾಡಿಯೇ ನಾನು ಕಳಿಸುತ್ತೇನೆ.