ಚೌಕಿಯಲ್ಲಿ ಮತ ಕೇಳಿದ ಕತೆ

ನಾನು ಯಕ್ಷಗಾನದ ಮದ್ದಳೆಗಾರ. ಮನೆ ಬ್ರಹ್ಮಾವರದ ಹತ್ತಿರ. ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ ಮೇಳಗಳಲ್ಲಿ ಇಪ್ಪತ್ತೆರಡು ತಿರುಗಾಟ ಮುಗಿಸಿದ್ದೇನೆ. 2023ರಲ್ಲಿ ನಮ್ಮ ಕಲಾವಿದರ ಯೂನಿಯನ್ನಿಗೆ ಕಾರ್ಯದರ್ಶಿಯಾಗಲು ನಿಲ್ಲುತ್ತೇನೆ ಎಂದಾಗ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಮುಖ ಯಾರಿಗೆ ಗೊತ್ತುಂಟು?"

ಪ್ರಶ್ನೆ ಸರಿಯೇ ಇತ್ತು. ಆಟಕ್ಕೆ ಬಂದವರು ನೋಡುವುದು ವೇಷವನ್ನು, ಕೇಳುವುದು ಭಾಗವತರನ್ನು. ಮದ್ದಳೆಗಾರ ನೆನಪಾಗುವುದು ಪೆಟ್ಟು ತಪ್ಪಿದಾಗ ಮಾತ್ರ.

ನಿಲ್ಲುವ ಯೋಚನೆ ಬಂದದ್ದು ಅದಕ್ಕೂ ಮೂರು ವರ್ಷ ಹಿಂದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಮೇಳಗಳೆಲ್ಲ ನಡುದಾರಿಯಲ್ಲಿ ನಿಂತವು. ವರ್ಷದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಇನ್ನೂ ಎರಡು ತಿಂಗಳಿತ್ತು. ನಮ್ಮದು ನವೆಂಬರ್‌ನಿಂದ ಮೇ ತನಕದ ದುಡಿಮೆ. ಆ ಏಳು ತಿಂಗಳಲ್ಲಿ ಬಂದದ್ದರಲ್ಲೇ ಮಳೆಗಾಲ ಕಳೆಯಬೇಕು. ಊರವರು ಅಕ್ಕಿ ಕೊಟ್ಟರು, ಕೆಲವರು ಸದ್ದಿಲ್ಲದೆ ದುಡ್ಡು ಕೊಟ್ಟರು. ಅದನ್ನು ಮರೆಯುವುದಿಲ್ಲ. ನಮ್ಮ ಕರಾವಳಿಯಲ್ಲಿ ಕಲಾವಿದನ ಕೈ ಹಿಡಿಯುವವರು ಜಾಸ್ತಿಯೇ. ಕಲಾವಿದರಿಗೆ ನೆರವಾಗುವ ಉಡುಪಿಯ ಯಕ್ಷಗಾನ ಕಲಾರಂಗ ಶುರುವಾದದ್ದೇ 1975ರಲ್ಲಿ. ಆದರೆ ನೆರವು ಬೇರೆ, ಲೆಕ್ಕ ಬೇರೆ ಅಲ್ವಾ? ಉಳಿದ ಎರಡು ತಿಂಗಳ ಸಂಬಳ ಸಿಗುತ್ತದಾ ಎಂದು ಕೇಳಲು ಹೋದರೆ ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಎಲ್ಲವೂ ವೀಳ್ಯ ಹಿಡಿದು ಆಡಿದ ಮಾತು. "ಇದು ದೇವರ ಸೇವೆ, ಲೆಕ್ಕ ಕೇಳ್ತೀಯಲ್ಲ" ಎಂಬ ಉತ್ತರ ಬಂತು. ಮುಂದಿನ ವರ್ಷದ ತಿರುಗಾಟವೂ ಏಪ್ರಿಲ್‌ನಲ್ಲೇ ಮೊಟಕಾಯಿತು.

ಯೂನಿಯನ್ ಅಷ್ಟು ಹೊತ್ತಿಗೆ ಇತ್ತು. 1926ರ ಟ್ರೇಡ್ ಯೂನಿಯನ್ ಕಾಯ್ದೆಯಡಿ ನೋಂದಣಿಯಾಗಿತ್ತು. ವರ್ಷಕ್ಕೊಮ್ಮೆ ಸಭೆ, ಒಂದು ಸನ್ಮಾನ, ಶಾಲು, ಹಣ್ಣಿನ ತಟ್ಟೆ. ನಮ್ಮ ಕಡೆ ಯಾವ ಸಂಘ ಕಟ್ಟಿದರೂ ಕಡೆಗೆ ಶಾಲಿನ ಅಂಗಡಿಗೇ ಲಾಭ.

ನಾನು ಮೊದಲು ಮಾಡಿದ ಕೆಲಸ ಬೈಲಾ ತರಿಸಿ ಓದಿದ್ದು. ನಿಲ್ಲುವವರು ದಯವಿಟ್ಟು ಇದನ್ನು ಮಾಡಿ. ಪದಾಧಿಕಾರಿಗಳ ಅವಧಿ ಮೂರು ವರ್ಷಕ್ಕಿಂತ ಜಾಸ್ತಿ ಇರಬಾರದು ಎಂದು ಆಗಿದ್ದ ಆ ಕಾಯ್ದೆಯೇ ಹೇಳುತ್ತಿತ್ತು. ನಮ್ಮಲ್ಲಿ ಹಳೆ ಸಮಿತಿ ಐದನೇ ವರ್ಷಕ್ಕೆ ಕಾಲಿಟ್ಟಿತ್ತು. ಅಸಂಘಟಿತ ವಲಯದ ಯೂನಿಯನ್ನಿನಲ್ಲಿ ಪದಾಧಿಕಾರಿಗಳ ಪೈಕಿ ಅರ್ಧದಷ್ಟಾದರೂ ಆ ಕೆಲಸ ಮಾಡುವವರೇ ಇರಬೇಕಿತ್ತು. ಉಳಿದರ್ಧ ಹೊರಗಿನವರಾದರೂ ತಪ್ಪಿರಲಿಲ್ಲ. ನಮ್ಮ ಜಗಳ ಹುಟ್ಟಿದ್ದೇ ಇಲ್ಲಿ. ದೊಡ್ಡ ಉದ್ಯಮಿಯೊಬ್ಬರನ್ನು ಕೂರಿಸಿದರೆ ನಾಲ್ಕು ಕೆಲಸ ಆಗುತ್ತದೆ ಎಂದು ಒಂದು ಗುಂಪು. ಅಧ್ಯಕ್ಷರು ಯಾರೇ ಆಗಲಿ, ಕಾಗದ ಬರೆಯುವ ಕಾರ್ಯದರ್ಶಿ ರಾತ್ರಿ ನಿದ್ದೆ ಕೆಟ್ಟವನೇ ಆಗಿರಬೇಕು ಎಂದು ನಾನು.

ನನ್ನ ಎದುರು ನಿಂತವರು ನಾನೇ ವರ್ಷಗಟ್ಟಲೆ ಮದ್ದಳೆ ನುಡಿಸಿದ ಹಿರಿಯ ವೇಷಧಾರಿ. ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗುವುದು ಬೇಡವೆಂದು ಮನೆಗೇ ಹೋದೆ. "ಅಣ್ಣ, ನಾನೂ ನಿಲ್ತಾ ಇದ್ದೇನೆ" ಎಂದೆ. ಅವರು ವೀಳ್ಯದೆಲೆಗೆ ಸುಣ್ಣ ಸವರುತ್ತಲೇ ಇದ್ದರು. "ನಿಲ್ಲು ಮಾರಾಯ. ರಂಗಸ್ಥಳದಲ್ಲಿ ಮಾತ್ರ ನನ್ನ ಕುಣಿತಕ್ಕೆ ಕೈ ಕೊಡಬೇಡ."

ತಾರೀಕು ಅರ್ಧ ಚುನಾವಣೆ ಎಂಬುದು ನಿಧಾನಕ್ಕೆ ಅರ್ಥವಾಯಿತು. ಹಳೆ ಸಮಿತಿ ಜುಲೈ ಕೊನೆಗೆ ಇಡುವ ಅಂದಾಜಿನಲ್ಲಿತ್ತು. ಆಗ ಅರ್ಧ ಜನ ಮುಂಬೈ, ಬೆಂಗಳೂರಿನ ಮಳೆಗಾಲದ ಆಟಗಳಲ್ಲಿ, ಉಳಿದವರು ಚಿಕ್ಕಮೇಳ ಎಂಬ ಪುಟ್ಟ ತಂಡ ಕಟ್ಟಿಕೊಂಡು ಮನೆಮನೆಗೆ. ಅಂಚೆ ಮತದ ಮಾತು ಬೈಲಾದಲ್ಲಿ ಇರಲಿಲ್ಲ. ಪತ್ತನಾಜೆ ಮುಗಿದು ಗೆಜ್ಜೆ ಬಿಚ್ಚಿದ ಮರುವಾರವೇ ಇಡಿ ಎಂದು ನಲವತ್ತು ಸಹಿ ಹಾಕಿಸಿ ಕೊಟ್ಟೆವು. ಜೂನ್ ಮೊದಲ ವಾರ, ಬೆಳಿಗ್ಗೆ ಎಂದು ನಿಗದಿಯಾಯಿತು. ನಾನು ಮಾಡಿದ ಅತಿ ಉಪಯೋಗದ ಕೆಲಸ ಬಹುಶಃ ಇದೇ. ಭಾಷಣ ಗೀಷಣ ಎಲ್ಲ ಆಮೇಲೆ.

ಇನ್ನು ಪ್ರಚಾರ. ಮೊದಲು ಬೆಳಗಿನ ತನಕ ಆಟ ಇದ್ದ ಕಾಲದಲ್ಲಿ ಮೇಳದವರೆಲ್ಲ ಬಿಡಾರದಲ್ಲೇ ಮಲಗಿ, ಮಧ್ಯಾಹ್ನ ಒಟ್ಟಿಗೆ ಉಣ್ಣುತ್ತಿದ್ದೆವು. ಮಾತಿಗೆ ಬೇಕಾದಷ್ಟು ಹೊತ್ತಿತ್ತು. ಈಗ ಹಲವು ಮೇಳಗಳು ಕಾಲಮಿತಿಗೆ ಬಂದಿವೆ. ಹನ್ನೆರಡೂವರೆಗೆ ಮಂಗಳ ಹಾಡಿದರೆ, ಬಣ್ಣ ತೆಗೆದು ಒಂದು ಗಂಟೆಗೆ ಎಲ್ಲರೂ ಬೈಕ್ ಹತ್ತಿ ಮನೆಗೆ. ಉಳಿದದ್ದು ಸಂಜೆ ಎಲ್ಲರೂ ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿ ಮಾತ್ರ. ನಮ್ಮ ಮೇಳದಲ್ಲಿ ಪ್ರಸಂಗಕ್ಕೆ ಮುಂಚಿನ ಪೂರ್ವರಂಗಕ್ಕೆ ಕಿರಿಯ ಮದ್ದಳೆಗಾರ ಕೂರುತ್ತಿದ್ದ. ಹಾಗಾಗಿ ಐದು ಗಂಟೆಗೆ ಹೊರಟು ಹತ್ತಿರದ ಇನ್ನೊಂದು ಮೇಳದ ಚೌಕಿಗೆ ಹೋಗಿ ಪ್ರಸಂಗ ಶುರುವಾಗುವುದರೊಳಗೆ ವಾಪಸ್ ಬರುತ್ತಿದ್ದೆ. ಎರಡು ಸಲ ತಡವಾಯಿತು. ಭಾಗವತರು ಏನೂ ಹೇಳಲಿಲ್ಲ, ಆದರೆ ಆ ರಾತ್ರಿ ಬೇಕೆಂದೇ ಕಾಲ ಏರಿಸಿ ಹಾಡಿದರು ಎಂದು ನನ್ನ ಗುಮಾನಿ.

ಮೊದಲನೇ ಚೌಕಿಯಲ್ಲೇ ಎಡವಿದೆ. ಗಣಪತಿಗೆ ಕೈಮುಗಿದು ನಡುವೆ ನಿಂತು ಭಾಷಣ ಶುರು ಮಾಡಿದೆ. ಮೇಳದ ಮ್ಯಾನೇಜರ್ ಅಲ್ಲೇ ಕುರ್ಚಿಯಲ್ಲಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಯಜಮಾನರ ಕಡೆಯವರ ಎದುರು ಯೂನಿಯನ್ ಮಾತಿಗೆ ತಲೆ ಆಡಿಸಿದರೆ ಪತ್ತನಾಜೆ ಕಳೆದ ಮೇಲೆ ಕರೆ ಬಾರದೆ ಹೋದರೆ? ಆ ಹೆದರಿಕೆ ಸುಳ್ಳಲ್ಲ. ಆಮೇಲೆ ನಿಂತು ಮಾತಾಡುವುದನ್ನೇ ಬಿಟ್ಟೆ. ಒಬ್ಬೊಬ್ಬರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತೆ. ತೆಂಕಿನ, ಅಂದರೆ ದಕ್ಷಿಣದ ಶೈಲಿಯ, ಬಣ್ಣದ ವೇಷದವರು ಮುಖಕ್ಕೆ ಅಕ್ಕಿ ಹಿಟ್ಟು, ಸುಣ್ಣದ ಚುಟ್ಟಿ ಇಡುವಾಗ ತುಟಿ ಅಲ್ಲಾಡಿಸುವ ಹಾಗಿಲ್ಲ. ಗಂಟೆಗಟ್ಟಲೆ ಕೂರಬೇಕು. ಅಷ್ಟು ತಾಳ್ಮೆಯಿಂದ ನನ್ನ ಮಾತು ಕೇಳಿದವರು ಇಡೀ ಚುನಾವಣೆಯಲ್ಲಿ ಬೇರೆ ಯಾರೂ ಇಲ್ಲ.

ಮಂಗಳೂರು ಕಡೆಯ ಮತ ಕಷ್ಟವಿತ್ತು. ಅಲ್ಲಿ ತೆಂಕುತಿಟ್ಟು, ಬಾಯಲ್ಲಿ ತುಳು. ನನ್ನದು ಬಡಗು, ಮನೆ ಮಾತು ಕುಂದಾಪುರದ್ದು. "ಎಂಚ ಉಲ್ಲರ್" ಎಂದ ಮೇಲೆ ನನ್ನ ತುಳು ಮುಗಿಯಿತು. ಒಬ್ಬ ಚೆಂಡೆಯವರು ನಗುತ್ತಾ, ಕನ್ನಡದಲ್ಲೇ ಮಾತಾಡಿ ಮಾರಾಯ್ರೆ, ತುಳುವನ್ನು ಯಾಕೆ ಕೊಲ್ತೀರಿ ಎಂದರು. ಅವರೇ ಕಡೆಗೆ ನನ್ನ ಅನುಮೋದಕರಾದರು. ತಿಟ್ಟು ಬೇರೆಯಾದರೂ ಚರ್ಮದ ಬೆಲೆ, ವಾದ್ಯಕ್ಕೆ ಚರ್ಮದ ಮುಚ್ಚಿಗೆ ಹಾಕಿಸುವ ಖರ್ಚು ಇಬ್ಬರಿಗೂ ಒಂದೇ.

ನನಗೆ ಬಲ ಕೊಟ್ಟವರು ನೇಪಥ್ಯದವರು. ವೇಷ ಕಟ್ಟುವವರು, ಪೆಟ್ಟಿಗೆ ಹೊರುವವರು, ರಂಗಸ್ಥಳ ಹಾಕುವವರು. ಇವರೂ ಸದಸ್ಯರೇ, ಮತ ಇರುವವರೇ. ಆದರೆ ಅಷ್ಟು ದಿನ ಯಾರೂ ಅವರನ್ನು ಕೇಳಿರಲಿಲ್ಲ.

ಸಂಬಳ ಏರಿಸುತ್ತೇನೆ ಎಂದು ನಾನು ಎಲ್ಲೂ ಹೇಳಲಿಲ್ಲ. ಅದು ನನ್ನ ಕೈಯಲ್ಲಿ ಇಲ್ಲ. ಮೇಳಕ್ಕೆ ಸೇರುವಾಗ ಸಂಬಳ, ಮುಂಗಡ, ಆಟ ನಿಂತರೆ ಏನು ಎಂಬುದು ಒಂದು ಹಾಳೆಯಲ್ಲಿ ಬರೆದಿರಬೇಕು ಎಂದೆ. ರಾತ್ರಿ ಬೈಕಿನಲ್ಲಿ ಹೋಗುವವರಿಗೆ ಅಪಘಾತ ವಿಮೆ ಎಂದೆ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡ್ ಮಾಡಿಸೋಣ ಎಂದದ್ದಕ್ಕೆ ಒಬ್ಬ ಹಿರಿಯ ಭಾಗವತರು, "ನನಗೆ ಅರವತ್ತೆರಡು, ಮಾಡ್ತಾರಾ?" ಎಂದು ಕೇಳಿದರು. ಅದು 16ರಿಂದ 59 ವರ್ಷದವರಿಗೆ ಮಾತ್ರ. ಇಲ್ಲ ಎಂದೇ ಹೇಳಿದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನದ ಅರ್ಜಿ ತುಂಬಿಸಿಕೊಟ್ಟೆ.

ನಾಮಪತ್ರ ಪರಿಶೀಲನೆಯ ದಿನ ನನ್ನದೇ ಹೆಸರಿಗೆ ಆಕ್ಷೇಪ ಬಂತು. ಚಂದಾ ಬಾಕಿಯಂತೆ! ಆ ವರ್ಷದ ದುಡ್ಡನ್ನು ಚೌಕಿಯಲ್ಲೇ ಕೊಟ್ಟಿದ್ದೆ, ರಶೀದಿ ಕೇಳಿರಲಿಲ್ಲ. ಊರೆಲ್ಲ ಕಾಗದ ಇರಬೇಕು ಎಂದು ಹೇಳಿಕೊಂಡು ತಿರುಗಿದವನು! ಪುಣ್ಯಕ್ಕೆ ಅಂದು ಚಿಲ್ಲರೆ ಇಲ್ಲದೆ ಫೋನಿನಲ್ಲಿ ಕಳುಹಿಸಿದ್ದೆ. ಮೆಸೇಜ್ ತೋರಿಸಿ ಬಚಾವಾದೆ.

ಮತಪತ್ರದ್ದು ಇನ್ನೊಂದು ಪೀಕಲಾಟ. ನಮ್ಮನ್ನೆಲ್ಲ ಜನ ಗುರುತಿಸುವುದು ಹೆಸರಿನ ಜೊತೆಗಿನ ಊರಿನಿಂದ. ಪಟ್ಟಿಯಲ್ಲಿದ್ದದ್ದು ಆಧಾರ್ ಹೆಸರು. ನನ್ನ ಹೆಸರನ್ನು ಓದಿ ನನ್ನ ಮೇಳದವನೇ "ಇದ್ಯಾರು?" ಎಂದು ಕೇಳಿದ. ಚುನಾವಣಾಧಿಕಾರಿಯನ್ನು ಕಾಡಿ ಬೇಡಿ, ಕೆಳಗೆ ರಂಗದ ಹೆಸರೂ ಅಚ್ಚಾಗುವಂತೆ ಮಾಡಿಸಿದೆವು.

ಉಡುಪಿಯ ಒಂದು ಬಾಡಿಗೆ ಹಾಲ್‌ನಲ್ಲಿ ಮತದಾನವಾಯಿತು. ಹೊರಗೆ ಜೋರು ಮಳೆ. ಹದಿನೇಳು ಮತಗಳಿಂದ ಗೆದ್ದೆ. ಎದುರಾಳಿ ಅಣ್ಣ ಕೈ ಕುಲುಕಿ, ಚಹಾ ಕುಡಿಯದೆ ಹೊರಟುಹೋದರು. ಮನಸ್ಸಿಗೆ ಕಸಿವಿಸಿಯಾಯಿತು.

ನವೆಂಬರ್‌ನಲ್ಲಿ ಮೇಳ ಹೊರಟಿತು. ಮೊದಲ ವಾರ ಚೌಕಿಯಲ್ಲಿ ಅವರು ಕಿರೀಟ ಕಟ್ಟಿಸಿಕೊಳ್ಳುತ್ತಾ ನನ್ನನ್ನು ಕರೆದರು. ಸೊಂಟದ ಚೀಲದಿಂದ ಚಂದಾ ತೆಗೆದು ಕೊಟ್ಟರು. ನಾನು ಜೇಬಿಗೆ ಹಾಕಲು ಹೋದಾಗ ಕೈ ಹಿಡಿದರು.

"ರಶೀದಿ ಬರಿ ಮೊದಲು. ಊರಿನ ಹೆಸರು ಸೇರಿಸಿ ಬರಿ."