ಬೈಕಿನ ಎಂಜಿನ್ ಬಿಚ್ಚಿಸುವ ಮೊದಲು ಸದ್ದಿಗೆ ಕಿವಿಗೊಡಿ

ಗೆಳೆಯರೇ, ಬೈಕಿನಲ್ಲಿ ಹೊಸ ಸದ್ದು ಕೇಳಿದ ಕೂಡಲೇ ಎಂಜಿನ್ ಬಿಚ್ಚಿಸಲು ಒಪ್ಪಬೇಡಿ. ಮೊದಲು ಆಯಿಲ್ ಮಟ್ಟ ನೋಡಿ. ಕಡಿಮೆಯಿದ್ದರೆ ತುಂಬದೆ ಮತ್ತೆ ಸ್ಟಾರ್ಟ್ ಮಾಡಬೇಡಿ.

ಬೈಕ್ ನಿಂತಿದ್ದಾಗ ಹೊಲಿಗೆ ಯಂತ್ರದಂತೆ ಒಂದೇ ಲಯದ ಟಿಕ್ ಟಿಕ್ ಸದ್ದು ಎಂಜಿನ್ನಿನ ಮೇಲ್ಭಾಗದ ಸಿಲಿಂಡರ್ ಹೆಡ್‌ನಿಂದ ಬಂದರೆ ಹೆಚ್ಚಾಗಿ ಟ್ಯಾಪೆಟ್ (ಗಾಳಿ-ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವ್ ಅನ್ನು ಒತ್ತುವ ಭಾಗ) ಸಡಿಲವಾಗಿರುತ್ತದೆ. ಅದನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗ ಫೀಲರ್ ಗೇಜ್ (ಸಂದಿನ ಅಳತೆ ನೋಡುವ ತೆಳು ಲೋಹದ ಪಟ್ಟಿ) ಇಟ್ಟೇ ಹೊಂದಿಸಬೇಕು. ಸದ್ದು ಅಡಗಲಿ ಎಂದು ಅಂದಾಜಿನಲ್ಲಿ ಬಿಗಿ ಮಾಡಿದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಸುಟ್ಟುಹೋಗುತ್ತದೆ. ನನ್ನ ಪ್ರಕಾರ ತುಸು ಸದ್ದು ಮಾಡುವ ಟ್ಯಾಪೆಟ್ಟೇ ಮೇಲು.

ನನ್ನ ಬೈಕಿನಲ್ಲಿ ಎರಡು ಸಲ ಟ್ಯಾಪೆಟ್ ಹೊಂದಿಸಿದರೂ ಇದೇ ಟಿಕ್ ಟಿಕ್ ಹೋಗಿರಲಿಲ್ಲ. ಒಂದು ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗಲೇ, ಸೈಲೆನ್ಸರ್ ಕೊಳವೆ ಹೆಡ್‌ಗೆ ಸೇರುವ ಜಾಗಕ್ಕೆ ಸೋಪಿನ ನೀರು ಸವರಿ ಸ್ಟಾರ್ಟ್ ಮಾಡಿದೆ. ಬುಳುಬುಳು ಗುಳ್ಳೆ ಎದ್ದವು, ಅಂದರೆ ಅಲ್ಲಿಂದ ಹೊಗೆ ಸೋರುತ್ತಿತ್ತು. ಸುತ್ತ ಕಪ್ಪು ಮಸಿಯೂ ಹಿಡಿದಿತ್ತು. ಅಲ್ಲಿನ ಸಂದು ಮುಚ್ಚುವ ಗ್ಯಾಸ್ಕೆಟ್ ಬದಲಿಸಿದೆ, ಸದ್ದು ನಿಂತಿತು.

ಕ್ಲಚ್ ಹಿಡಿದಾಗ ಸದ್ದು ಬದಲಾದರೆ ಕ್ಲಚ್ ಅಥವಾ ಗೇರ್‌ಬಾಕ್ಸ್ ಕಡೆ ನೋಡಿ. ಟಾಪ್ ಗೇರ್‌ನಲ್ಲಿ ಏರು ಹತ್ತುವಾಗ ಮಾತ್ರ ಕಟಕಟ ಎಂದು, ಗೇರ್ ಇಳಿಸಿದ ತಕ್ಷಣ ನಿಂತರೆ ಅದು ನಾಕಿಂಗ್, ಅಂದರೆ ಸಿಲಿಂಡರಿನೊಳಗೆ ಪೆಟ್ರೋಲ್ ಹದತಪ್ಪಿ ಸಿಡಿದು ಉರಿಯುವ ಸದ್ದು.

ಎಂಜಿನ್ನಿನ ಕೆಳಭಾಗದಿಂದ, ಎಕ್ಸಿಲರೇಟರ್ ಕೊಟ್ಟಂತೆಲ್ಲ ಜೋರಾಗುವ ಭಾರವಾದ ಡಬ್ ಡಬ್ ಕೇಳಿಸಿದರೆ ಮಾತ್ರ ದಯವಿಟ್ಟು ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ. ಪಿಸ್ಟನ್ನಿನ ಚಲನೆಯನ್ನು ಕೆಳಗೆ ದಾಟಿಸುವ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಹೋಗಿರಬಹುದು. ಬೈಕನ್ನು ಬೇರೆ ವಾಹನಕ್ಕೆ ಹೇರಿಕೊಂಡೇ ಗ್ಯಾರೇಜಿಗೆ ಒಯ್ಯಿರಿ. ಬೆಳಗಿನ ಮೊದಲ ಸ್ಟಾರ್ಟ್‌ನ ಸದ್ದನ್ನು ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ; ಎಂಜಿನ್ ಬಿಸಿಯಾದ ಮೇಲೆ ಮೆಕ್ಯಾನಿಕ್‌ಗೆ ಅದು ಕೇಳಿಸದೆಯೂ ಇರಬಹುದು.